ದಪ್ಪ ಅಕ್ಷರದ ಓರೆ ನಡಿಗೆ

ಕಳಸದ ಬಸ್ ನಿಲ್ದಾಣದಲ್ಲಿ ಹೊರನಾಡಿನ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಎದುರಿನ ಗೋಡೆಯ ಮೇಲಿದ್ದ ಒಂದು ಭಿತ್ತಿಪತ್ರ ನನ್ನ ಕಣ್ಣಿಗೆ ಬಿತ್ತು. ಆಗತಾನೆ ಅಂಟಿಸಿದ್ದು, ಅಂಟು ಇನ್ನೂ ಒಣಗಿರಲಿಲ್ಲ. ತಲೆಬರಹ ಕೆಂಪು ಬಣ್ಣದ್ದು, ಅಕ್ಷರಗಳು ಗೇಣುದ್ದದವು. ಒಂದೊಂದು ಅಕ್ಷರವೂ ಮದುವೆಯೂಟ ಮುಗಿಸಿ ಎದ್ದವನ ಹೊಟ್ಟೆಯ ಹಾಗೆ ಉಬ್ಬಿಕೊಂಡಿತ್ತು. ಅಷ್ಟು ಸಾಲದೆಂದು ಎಲ್ಲವೂ ಒಟ್ಟಾಗಿ ಬಲಕ್ಕೆ ವಾಲಿದ್ದವು—ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿಂತ ಪ್ರಯಾಣಿಕರು ವಾಲುವಂತೆ. ಓದಿದೆ: 'ರದೋತ್ಸವ'.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ರದೋತ್ಸವವೇ. ಸಂಸ್ಕೃತದಲ್ಲಿ 'ರದ' ಎಂದರೆ ಹಲ್ಲು. ಹಲ್ಲಿಗೂ ಉತ್ಸವ ನಡೆಯುವ ಊರು ಯಾವುದಪ್ಪಾ ಎಂದು ಹತ್ತಿರ ಹೋಗಿ ನೋಡಿದಾಗ ವಿಷಯ ತಿಳಿಯಿತು. ಅದು ರಥೋತ್ಸವವೇ ಆಗಿತ್ತು. ಅಕ್ಷರವನ್ನು ದಪ್ಪ ಮಾಡುವ ಭರದಲ್ಲಿ 'ಥ'ದ ಒಡಲೊಳಗಿನ ಬೊಟ್ಟು ಬಣ್ಣದಲ್ಲಿ ಮುಳುಗಿಹೋಗಿತ್ತು. ಕೆಳಗಿನ ಹೊಟ್ಟೆಸೀಳು ಮೈಯೊಳಗೆ ಸೇರಿಕೊಂಡು ಮಾಯವಾಗಿತ್ತು. ಬೊಟ್ಟು ಹೋದರೆ 'ಥ' 'ಧ' ಆಗುತ್ತದೆ; ಸೀಳೂ ಹೋದರೆ 'ದ' ಆಗುತ್ತದೆ. ಹೀಗೆ ತೇರು ಹಲ್ಲಾಯಿತು.

ಅಂಟಿನ ಡಬ್ಬಿ ಹಿಡಿದು ನಿಂತಿದ್ದ ಹುಡುಗನನ್ನು ಕೇಳಿದೆ: "ಏನಪ್ಪಾ, ಇದು ರದೋತ್ಸವ ಅಂತ ಕಾಣುತ್ತಲ್ಲ?"

ಅವನು ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿದ. "ತೇರು ಎಳೆಯೋರಿಗೆ ಗೊತ್ತಿರುತ್ತೆ ಬಿಡಿ ಸಾರ್" ಎಂದ.

ಅವನ ಮಾತು ಸುಳ್ಳಲ್ಲ. ಆದರೆ ತೇರು ಎಳೆಯುವವರಿಗೆ ಗೊತ್ತೇ ಇದ್ದರೆ ಭಿತ್ತಿಪತ್ರವಾದರೂ ಏಕೆ ಬೇಕು? ಗೊತ್ತಿಲ್ಲದವರಿಗೆ ದೂರದಿಂದಲೇ ತಿಳಿಯಲಿ ಎಂದಲ್ಲವೆ ಅಕ್ಷರವನ್ನು ದಪ್ಪ ಮಾಡುವುದು? ತಿಳಿಸಲೆಂದು ಹುಟ್ಟಿದ ದಪ್ಪವೇ ತಿಳಿಯದಂತೆ ಮಾಡಿತಲ್ಲ ಎಂಬ ಯೋಚನೆ ಅಂದು ನನ್ನನ್ನು ಬಿಡಲಿಲ್ಲ. ಬಸ್ಸು ಬಂತು, ಹೋಯಿತು. ನಾನು ಕಳಸೇಶ್ವರನ ಗುಡಿಯ ಮೆಟ್ಟಿಲು ಹತ್ತಿದೆ.

ಕಳಸ ಶಾಸನಗಳ ಊರು. ಭದ್ರೆ ಬಳಸಿ ಹರಿಯುವ ಈ ನೆಲ ಒಂದು ಕಾಲಕ್ಕೆ ಕಳಸ-ಕಾರ್ಕಳ ರಾಜ್ಯದ ನೆಲೆ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಮನೆತನಕ್ಕೂ ಈ ಊರಿಗೂ ಹಳೆಯ ನಂಟು. ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿ, ಕಳಸದ ಹಲವು ಶಾಸನಗಳು ಅಚ್ಚಾಗಿವೆ. ಊರಿನಿಂದ ತುಸು ದೂರದ ಅಂಬತೀರ್ಥದಲ್ಲಿ ಭದ್ರೆಯ ನಡುವೆ ಒಂದು ಹೆಬ್ಬಂಡೆಯಿದೆ. ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದ ಕಲ್ಲು ಇದು ಎಂಬ ಅರ್ಥದ ಸಂಸ್ಕೃತ ವಾಕ್ಯವನ್ನು ಅದರ ಮೇಲೆ ಕೊರೆದಿದ್ದಾರೆ. ಹಾದುಹೋಗುವವನು ನಿಂತು ಓದಲೆಂದು ಬರೆದ ಒಂದೇ ಸಾಲಿನ ತಲೆಬರಹ ಎಂದು ಅದನ್ನು ಕರೆದರೆ ತಪ್ಪಾಗದು.

ಗುಡಿಯ ಬಳಿಯ ಶಾಸನದ ಕಲ್ಲೊಂದರ ಮುಂದೆ ಕುಳಿತು ಅಕ್ಷರ ಅಕ್ಷರ ಕೂಡಿಸಿ ಓದಲು ನೋಡಿದೆ. ಅರ್ಥ ಪೂರ್ತಿ ಆಗಲಿಲ್ಲ. ಅದು ನನ್ನ ಪಾಂಡಿತ್ಯದ ಕೊರತೆ. ಆದರೆ ಅಕ್ಷರ ತಿಳಿಯಿತು. ಮಲೆನಾಡಿನ ಮಳೆ ಶತಮಾನಗಳ ಕಾಲ ಹೊಡೆದರೂ ಕಲ್ಲುಕುಟಿಗನ ಉಳಿ ಕೊಟ್ಟ ಗೆರೆ ಗೆರೆಯಾಗಿಯೇ, ಬಿಟ್ಟ ಎಡೆ ಎಡೆಯಾಗಿಯೇ ಉಳಿದಿತ್ತು. ಕೆಳಗೆ ಗೋಡೆಯ ಮೇಲೆ, ಇಂದು ಬೆಳಗ್ಗೆ ಅಂಟಿಸಿದ ಕಾಗದದಲ್ಲಿ, ಅದು ಉಳಿದಿರಲಿಲ್ಲ. ಏಕೆ?

ಇದಕ್ಕೆ ಉತ್ತರ ಬೇಕಾದರೆ ಆ ದಪ್ಪನೆಯ ಓರೆ ಅಕ್ಷರದ ಕುಲಗೋತ್ರ ವಿಚಾರಿಸಬೇಕು. ಅದು ನಮ್ಮಲ್ಲಿ ಹುಟ್ಟಿದ್ದಲ್ಲ. ಮೊದಲು ಓರೆಯನ್ನೇ ತೆಗೆದುಕೊಳ್ಳಿ. 1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನುಷಿಯಸ್ ಎಂಬ ಮುದ್ರಕನು ವರ್ಜಿಲ್ ಕವಿಯ ಕೃತಿಯನ್ನು ಓರೆ ಅಕ್ಷರದಲ್ಲಿ ಅಚ್ಚುಹಾಕಿದ. ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಲ್ಲಿನ ವಿದ್ವಾಂಸರ ಸರಾಗವಾದ ಕೈಬರಹವೇ ಅದಕ್ಕೆ ಮಾದರಿ. ಅದು ಕೂಗುವ ಅಕ್ಷರವಾಗಿರಲಿಲ್ಲ. ಕೈಯಲ್ಲಿ ಹಿಡಿಯುವ ಪುಟ್ಟ ಪುಸ್ತಕದ ಮೆಲುದನಿಯ ಅಕ್ಷರವಾಗಿತ್ತು.

ದಪ್ಪದ ಕಥೆ ಬೇರೆ. ಅದು ಇಂಗ್ಲೆಂಡಿನ ಬೀದಿಯಲ್ಲಿ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಾಟರಿ, ನಾಟಕ, ಹರಾಜು ಇವುಗಳ ಭಿತ್ತಿಪತ್ರಗಳು ಲಂಡನ್ನಿನ ಗೋಡೆಗಳನ್ನು ತುಂಬಿದವು. ಪುಸ್ತಕದ ಅಕ್ಷರ ಅಲ್ಲಿ ಸಾಲದಾಯಿತು. 1815–17ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ಎಂಬ ಎರಕದವನು ಹೊಸ ಬಗೆಯ ಮೊಳೆಯನ್ನು ತೋರಿಸಿದ. ಅದರ ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ಪ್ರತಿಯೊಂದು ಗೆರೆಯ ತುದಿಗೂ ಕಲ್ಲುಚಪ್ಪಡಿಯಂಥ ಚಚ್ಚೌಕದ ಪಾದ. ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಯೂರೋಪಿನಲ್ಲಿ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಆದ್ದರಿಂದ ಈ ಜಾತಿಯ ಅಕ್ಷರಕ್ಕೆ 'ಈಜಿಪ್ಷಿಯನ್' ಎಂಬ ಹೆಸರು ಅಂಟಿಕೊಂಡಿತು. ಈಜಿಪ್ಟಿನ ಬರಹಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಾವು ಅದನ್ನು ಚಪ್ಪಡಿಗಾಲಿನ ಅಕ್ಷರ ಎನ್ನೋಣ.

1827–28ರಲ್ಲಿ ಅಮೆರಿಕದ ಡೇರಿಯಸ್ ವೆಲ್ಸ್ ಎಂಬಾತ ಯಂತ್ರದಿಂದ ಮರದ ಮೊಳೆ ಕೊರೆಯುವ ದಾರಿ ಕಂಡುಕೊಂಡ. ಸೀಸದಲ್ಲಿ ಎರೆದರೆ ಹೊರಲಾರದಷ್ಟು ಭಾರವಾಗುವ ಅಕ್ಷರ ಮರದಲ್ಲಿ ಹಗುರವಾಯಿತು. ಅಕ್ಷರ ಗೇಣುದ್ದ, ಮೊಳದುದ್ದ ಬೆಳೆಯಿತು. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿ 'ಕ್ಲಾರೆಂಡನ್' ಎಂಬ ಮೊಳೆಯನ್ನು ಹೊರತಂದು ಕಾನೂನಿನ ರಕ್ಷಣೆಯನ್ನೂ ಪಡೆದ. ಮೊಳೆ ಕೊರೆದವನು ಬೆಂಜಮಿನ್ ಫಾಕ್ಸ್. ರಕ್ಷಣೆ ಮೂರೇ ವರ್ಷದ್ದು. ಗಡುವು ಮುಗಿದದ್ದೇ ತಡ, ಉಳಿದವರೆಲ್ಲ ನಕಲು ಮಾಡಿದರು. ಪುಸ್ತಕದ ಸಾಮಾನ್ಯ ಅಕ್ಷರದ ಸಾಲಿನಲ್ಲೇ ಒಂದು ಪದವನ್ನು ಮಾತ್ರ ದಪ್ಪವಾಗಿ ಎತ್ತಿ ತೋರಿಸುವ ಪದ್ಧತಿ ಬೇರೂರಿದ್ದು ಈ ಅಕ್ಷರದಿಂದ. ಕೊನೆಗೆ ಬೀದಿಯ ದಪ್ಪಕ್ಕೂ ಪುಸ್ತಕದ ಓರೆಗೂ ಮದುವೆಯಾಯಿತು. ದಪ್ಪ, ಓರೆ, ಚಪ್ಪಡಿಗಾಲು ಮೂರೂ ಕೂಡಿದ ಆ ಅಕ್ಷರ ಓಡುತ್ತ ಓಡುತ್ತ ಕೂಗುವವನಂತೆ ಕಂಡಿತು. ಜಾಹೀರಾತಿನವರಿಗೆ ಬೇಕಾದದ್ದೂ ಅದೇ.

ಇಂಗ್ಲಿಷ್ ಅಕ್ಷರ ಹೀಗೆ ಮೈ ಬೆಳೆಸಿಕೊಳ್ಳುತ್ತಿದ್ದ ಕಾಲಕ್ಕೆ ನಮ್ಮ ಅಕ್ಷರದ ಸ್ಥಿತಿ ಏನಾಗಿತ್ತು? ಅದು ಆಗತಾನೆ ಸೀಸದಲ್ಲಿ ಕಣ್ಣು ಬಿಡುತ್ತಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಲಂಡನ್ನಿನಲ್ಲಿ ಚಪ್ಪಡಿಗಾಲಿನ ಅಕ್ಷರ ಹುಟ್ಟಿದ ಕಾಲವೂ ಅದೇ. ಅಲ್ಲಿನದು ಮೂರೂವರೆ ಶತಮಾನ ಅಚ್ಚಿನಲ್ಲಿ ಪಳಗಿದ ಲಿಪಿ. ನಮ್ಮದು ಓಲೆಗರಿಯಿಂದ ಈಗಷ್ಟೇ ಕೆಳಗಿಳಿದದ್ದು.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟಿತು. ಕನ್ನಡದ ಮೊದಲ ಪತ್ರಿಕೆ ಅದು. ಮೊಳೆಯಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ ಬಂದದ್ದು. ಕೈಯಿಂದ ಬರೆದದ್ದನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಿ ಅಚ್ಚುಹಾಕುವ ವಿದ್ಯೆ ಅದು. ಆದ್ದರಿಂದ ಕನ್ನಡ ಪತ್ರಿಕೆಯ ಮೊದಲ ಶಿರೋನಾಮೆ ಬರೆಯುವವನ ಕೈಯಿಂದಲೇ ಬಂತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಗಿ ಮೊಳೆಯಚ್ಚಿಗೆ ಏರಿತು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಅಚ್ಚುಕೂಟ, ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ ಇವು ಮುಂದಿನ ದಶಕಗಳಲ್ಲಿ ಕನ್ನಡದ ಮೊಳೆಯನ್ನು ತಿದ್ದಿ ತೀಡಿದವು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ಅವರ ನಿಘಂಟನ್ನು ತೆರೆದು ನೋಡಿದವರಿಗೆ ಆ ಮೊಳೆಯ ದುಂಡನೆಯ ಚೆಲುವು ಗೊತ್ತು.

ಆದರೆ ಇದೆಲ್ಲ ಹತ್ತಿರದಿಂದ ಓದುವ ಅಕ್ಷರ. ದೂರದಿಂದ ಓದುವ ದಪ್ಪ ಅಕ್ಷರಕ್ಕೆ ಕನ್ನಡದಲ್ಲಿ ಅಡ್ಡಿಯಾದದ್ದು ಲೆಕ್ಕ. ಇಂಗ್ಲಿಷಿನಲ್ಲಿ 26 ದೊಡ್ಡಕ್ಷರ ಕೊರೆದರೆ ಒಂದು ಭಿತ್ತಿಪತ್ರ ನಡೆದುಹೋಗುತ್ತದೆ. ಕನ್ನಡದಲ್ಲಿ 34 ವ್ಯಂಜನ. ಪ್ರತಿಯೊಂದಕ್ಕೂ ಒಂದು ಒತ್ತು, ಒಂದು ಗುಡಿಸು, ಒಂದು ಏತ್ವ, ಒಂದು ಅರೆಯಕ್ಷರ. ಮೇಲೆ ಸ್ವರಗಳು, ಅಂಕಿಗಳು. ಬೆರಳೆಣಿಸಿ ಕೂಡಿದರೂ ಸಂಖ್ಯೆ ಇನ್ನೂರರ ಹತ್ತಿರ ಬರುತ್ತದೆ. ಒಂದು ಹೊಸ ಅಳತೆ ಬೇಕೆಂದರೆ ಇನ್ನೂರು ಮೊಳೆ, ದಪ್ಪವೂ ಬೇಕೆಂದರೆ ಇನ್ನೂ ಇನ್ನೂರು, ಓರೆಯೂ ಬೇಕೆಂದರೆ ಮತ್ತೆ ಇನ್ನೂರು. ಸಣ್ಣ ಊರಿನ ಅಚ್ಚುಕೂಟದ ಯಜಮಾನ ಎಷ್ಟನ್ನು ಕೊಂಡಾನು?

ಓರೆಗೆ ಬೇರೆ ತೊಡಕೂ ಇತ್ತು. ಸೀಸದ ಮೊಳೆ ಚೌಕದ ಕಂಬ. ಅಕ್ಷರ ವಾಲಿದರೆ ಅದರ ತುದಿ ಕಂಬದಿಂದ ಹೊರಚಾಚುತ್ತದೆ, ಒತ್ತಡಕ್ಕೆ ಮುರಿಯುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಕಡೆ ಚಾಚುವಿಕೆ. ಬಲಕ್ಕೆ ವಾಲಿಸಿದರೆ ಮೇಲಿನ ಗುಡಿಸು ಮುಂದಿನ ಅಕ್ಷರದ ತಲೆಗೆ ಬಡಿಯುತ್ತದೆ; ಕೆಳಗಿನ ಒತ್ತು ಹಿಂದಕ್ಕೆ ಸರಿದು ತನ್ನದೇ ಅಕ್ಷರದ ಹೊಟ್ಟೆಯಡಿ ನುಸುಳುತ್ತದೆ.

ಇಷ್ಟನ್ನು ಕೇಳಿ, ದಪ್ಪವೂ ಓರೆಯೂ ಕನ್ನಡಕ್ಕೆ ಒಗ್ಗುವುದೇ ಇಲ್ಲ ಎಂದು ಯಾರಾದರೂ ತೀರ್ಮಾನಿಸಿದರೆ ಅವಸರವಾದೀತು. ಕಳಸದ ಕಲ್ಲಿನ ಮುಂದೆ ಕುಳಿತಾಗ ನನಗೆ ನೆನಪಾದದ್ದು ಕದಂಬರ ಕಾಲದ ಅಕ್ಷರ. ಐದನೆಯ ಶತಮಾನದ ಆ ಶಾಸನಗಳ ಲಿಪಿಯನ್ನು ವಿದ್ವಾಂಸರು 'ಪೇಟಿಕಾಶಿರ' ಎಂದು ಕರೆಯುತ್ತಾರೆ; ಅಕ್ಷರದ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಚೌಕ. ಶಿಕಾರಿಪುರದ ಹತ್ತಿರದ ತಾಳಗುಂದದ ಕಂಬ ಇವುಗಳಲ್ಲಿ ಹೆಸರಾದದ್ದು. ಅದರ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಫಿಗಿನ್ಸ್ ಲಂಡನ್ನಿನಲ್ಲಿ ಅಕ್ಷರದ ಕಾಲಿಗೆ ಚಪ್ಪಡಿ ಕಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ನಮ್ಮ ಕಲ್ಲುಕುಟಿಗರು ಅಕ್ಷರದ ತಲೆಗೆ ಪೆಟ್ಟಿಗೆ ಕಟ್ಟಿದ್ದರು. ಆ ತಲೆಗುರುತೇ ಕಾಲಕ್ರಮದಲ್ಲಿ ಮಾರ್ಪಟ್ಟು, ನಾವು ಒಂದನೆಯ ತರಗತಿಯಲ್ಲಿ ರಾಗವಾಗಿ ಹೇಳಿದ 'ತಲೆಕಟ್ಟು' ಆಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಇಂಗ್ಲಿಷ್ ಅಕ್ಷರದ ಬಲ ಕಾಲಿನಲ್ಲಿ. ಕನ್ನಡ ಅಕ್ಷರದ ಬಲ ತಲೆಯಲ್ಲಿ. ಇಂಗ್ಲಿಷಿನ ಚಪ್ಪಡಿ ಬರಿಯ ಅಲಂಕಾರ. 1816ರಲ್ಲಿ ವಿಲಿಯಂ ಕ್ಯಾಸ್ಲನ್ ಎಂಬ ಎರಕದವನು ಪಾದವೇ ಇಲ್ಲದ ಅಕ್ಷರವನ್ನು ತೋರಿಸಿದ. ಓದುವವರಿಗೆ ಏನೂ ನಷ್ಟವಾಗಲಿಲ್ಲ. ನಮ್ಮ ತಲೆಕಟ್ಟು ಹಾಗಲ್ಲ. ಅದು ಅಕಾರದ ಗುರುತೂ ಹೌದು. ಗುಡಿಸು ಬಂದರೆ ತಲೆಕಟ್ಟು ಜಾಗ ಬಿಡುತ್ತದೆ, 'ಕ' ಹೋಗಿ 'ಕಿ' ಆಗುತ್ತದೆ. ಇಂಗ್ಲಿಷಿನವನು ಕಾಲು ಕತ್ತರಿಸಿದರೂ ಅಕ್ಷರ ಬದುಕುತ್ತದೆ. ನಾವು ತಲೆ ಕೆಡಿಸಿದರೆ ಕಾಗುಣಿತವೇ ಕೆಡುತ್ತದೆ.

ಇನ್ನೊಂದು ಮಾತು. ಓಲೆಗರಿಯ ಮೇಲೆ ಲೋಹದ ಕಂಠದಿಂದ ಗೀರಿದ ಬರಹಕ್ಕೆ ತೋರ-ತೆಳುವಿನ ಭೇದ ಕಡಮೆ. ಗೆರೆ ಎಲ್ಲೆಡೆಯೂ ಒಂದೇ ಸಮ. ಚಪ್ಪಡಿಗಾಲಿನ ಇಂಗ್ಲಿಷ್ ಅಕ್ಷರದ ಗುಣವೂ ಅದೇ. ಆದ್ದರಿಂದ ಇಂಗ್ಲಿಷಿನ ಅಕ್ಷರಜಾತಿಗಳಲ್ಲಿ ಕನ್ನಡಕ್ಕೆ ಹತ್ತಿರದ ನೆಂಟನನ್ನು ಹುಡುಕಿದರೆ ಅದು ಈ ದಪ್ಪನೆಯ ಚಪ್ಪಡಿಗಾಲಿನವನೇ ಎಂದು ನನಗೆ ಅನ್ನಿಸುತ್ತದೆ. ನೆಂಟನ ಅಂಗಿಯನ್ನು ಅಳತೆ ನೋಡದೆ ತೊಟ್ಟದ್ದು ನಮ್ಮ ತಪ್ಪು.

ಅಳತೆ ನೋಡಿ ತೊಡಿಸಿದವರೂ ಇದ್ದರು. ಮೊಳೆ ಸಿಕ್ಕದ ಕಡೆ ಕೈ ನೆರವಾಯಿತು. ಚಿತ್ರಗಾರನು ಶಾಯಿಯಲ್ಲಿ ಬರೆದ ತಲೆಬರಹವನ್ನು ಛಾಯಾಚಿತ್ರ ತೆಗೆದು, ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆಸಿ 'ಬ್ಲಾಕು' ಮಾಡಿಸುತ್ತಿದ್ದರು. ಪತ್ರಿಕೆಗಳ ಶಿರೋನಾಮೆ, ಕಾದಂಬರಿಗಳ ಹೊದಿಕೆ, ಸಿನಿಮಾದ ಹೆಸರು ಎಲ್ಲಕ್ಕೂ ಇದೇ ದಾರಿಯಾಗಿತ್ತು. ಬಸ್ಸಿನ ಹಣೆಗೆ, ಅಂಗಡಿಯ ನೆತ್ತಿಗೆ ಬೋರ್ಡು ಬರೆಯುವವನು ಬಂದ. ಇಂಗ್ಲಿಷಿನ ಓರೆಯನ್ನೂ ದಪ್ಪವನ್ನೂ ನೋಡಿ, ತನ್ನ ಕುಂಚಕ್ಕೆ ಒಗ್ಗಿಸಿಕೊಂಡು, ಕನ್ನಡಕ್ಕೆ ಮೊದಲು ಹೊಲಿದುಕೊಟ್ಟವನು ಆ ಹೆಸರಿಲ್ಲದ ಕಲಾವಿದ. ಪಂಡಿತರು ಅವನ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ.

ಅಂಥವರೊಬ್ಬರು ಕಳಸದ ಪೇಟೆಯಲ್ಲಿ ಸಿಕ್ಕರು. ಕಾಫಿ ಕುಡಿಯುವಾಗ ಭಿತ್ತಿಪತ್ರದ ಮಾತು ತೆಗೆದೆ. ಪಕ್ಕದ ಬೆಂಚಿನಲ್ಲಿದ್ದ ವೃದ್ಧರು ನಕ್ಕರು. ನಲವತ್ತು ವರ್ಷ ಬೋರ್ಡು ಬರೆದ ಕೈ ಅವರದು. ಫ್ಲೆಕ್ಸು ಬಂದ ಮೇಲೆ ಕುಂಚ ಅಟ್ಟಕ್ಕೆ ಏರಿತಂತೆ.

"ದಪ್ಪ ಅಕ್ಷರವನ್ನು ನೀವು ಹೇಗೆ ಬರೆಯುತ್ತಿದ್ದಿರಿ?" ಎಂದು ಕೇಳಿದೆ.

"ಮೊದಲು ತೂತು ಬಿಡಬೇಕು ಸ್ವಾಮಿ, ಆಮೇಲೆ ಬಣ್ಣ" ಎಂದರು. ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳದ್ದಿ ಒಂದು 'ಧ' ಬರೆದರು. ಹೊರಗಿನ ಗೆರೆಯನ್ನು ಹೊರಕ್ಕೆ ದಪ್ಪ ಮಾಡಿದರೇ ಹೊರತು ಒಳಕ್ಕೆ ಬೆಳೆಯಗೊಡಲಿಲ್ಲ. ಹೊಟ್ಟೆಸೀಳನ್ನು ಕೊಂಚ ಉದ್ದ ಮಾಡಿ, ಇಕ್ಕೆಲದಲ್ಲೂ ಎಡೆ ಬಿಟ್ಟರು. "ಇದನ್ನು ಮುಚ್ಚಿದರೆ ಊರಿನ ಮಧ್ಯ ಇರೋ ಅಂಗಡಿ ಊರಿನ ಮದ್ಯದ ಅಂಗಡಿ ಆಗುತ್ತೆ ನೋಡಿ."

"ಓರೆ ಮಾಡುವಾಗ?"

"ಪೂರಾ ಅಕ್ಷರ ಬಗ್ಗಿಸಬಾರದು. ಮೈ ಬಗ್ಗಿದರೆ ಸಾಕು. ಒತ್ತು ಅದರ ಜಾಗದಲ್ಲೇ ನಿಲ್ಲಬೇಕು. ತೋಟದಲ್ಲಿ ಗಾಳಿಗೆ ಅಡಿಕೆಮರ ಬಗ್ಗುತ್ತಲ್ಲ, ಬುಡ ಸರಿಯುತ್ತೋ?"

ಚಪ್ಪಡಿಗಾಲು, ಪೇಟಿಕಾಶಿರ ಎಂದೆಲ್ಲ ನಾನು ತಲೆ ಕೆಡಿಸಿಕೊಂಡದ್ದನ್ನು ಆ ಹಿರಿಯರು ಒಂದು ಅಡಿಕೆಮರದಲ್ಲಿ ಮುಗಿಸಿದರು.

ಈಗ ಸೀಸವೂ ಇಲ್ಲ, ಸತುವಿನ ಬ್ಲಾಕೂ ಇಲ್ಲ. ಕನ್ನಡ ಗಣಕಕ್ಕೆ ಏರಿದೆ. ಕೆ. ಪಿ. ರಾವ್ ಅವರಂಥವರು ಕನ್ನಡದ ಉಚ್ಚಾರಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿ ದಾರಿ ತೋರಿದರು. ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ಥಾನ ಸಿಕ್ಕಿತು. ಇನ್ನೂರು ಮೊಳೆ ಕೊಳ್ಳುವ ಕಷ್ಟ ಮುಗಿಯಿತು. ಆದರೆ ಕಷ್ಟದ ಜೊತೆ ಎಚ್ಚರವೂ ಹೋಯಿತು. ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ, ಇನ್ನೊಂದು ಒತ್ತಿದರೆ ವಾಲುತ್ತದೆ. ಆ ಫಾಂಟಿಗೆ ಬೇರೆಯಾಗಿ ಬರೆದ ದಪ್ಪ ಅಕ್ಷರ ಇಲ್ಲದಿದ್ದರೆ ಯಂತ್ರ ಇದ್ದುದನ್ನೇ ಸುತ್ತಲೂ ಊದಿಸುತ್ತದೆ. ಊದಿದ ಮೈ ಒಳಗಿನ ಬೊಟ್ಟನ್ನೂ ಸೀಳನ್ನೂ ನುಂಗುತ್ತದೆ. ಓರೆ ಅಕ್ಷರ ಇಲ್ಲದಿದ್ದರೆ ನೆಟ್ಟಗಿನದನ್ನೇ ಬುಡಸಮೇತ ಓರೆಯಾಗಿ ತಳ್ಳುತ್ತದೆ. ಗೋಡೆಯ ಮೇಲಿನ ರದೋತ್ಸವ ನಡೆದದ್ದು ಹೀಗೆ.

ಎಚ್ಚರದಿಂದ ಬರೆದವರು ಇಲ್ಲವೆಂದಲ್ಲ. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು 'ಬಲೂ' ಎಂಬ ದಪ್ಪನೆಯ ಅಕ್ಷರವನ್ನು ಹಲವು ಭಾರತೀಯ ಲಿಪಿಗಳಿಗೆ ಬರೆದಿದ್ದಾರೆ. ಒಂದೊಂದು ಲಿಪಿಯದಕ್ಕೂ ಆ ಭಾಷೆಯ ಒಂದು ಸಂಬೋಧನೆ: ಗುಜರಾತಿಗೆ 'ಭಾಯ್', ತಮಿಳಿಗೆ 'ತಂಬಿ', ಮಲೆಯಾಳಕ್ಕೆ 'ಚೇಟ್ಟನ್', ನಮಗೆ 'ಬಲೂ ತಮ್ಮ'. ಕರಡಿಮರಿಯಂತೆ ಗುಂಡಗಿದ್ದರೂ ಅದರೊಳಗಿನ ಎಡೆಗಳು ತೆರೆದೇ ಇವೆ. ಅವರದೇ 'ಅನೇಕ್ ಕನ್ನಡ' 2022ರಲ್ಲಿ ಬಂತು. ಅದರಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಬೇಕಾದ ಮೈಕಟ್ಟನ್ನು ಆರಿಸಿಕೊಳ್ಳಬಹುದು. ಎರಡನ್ನೂ ಕಾಸಿಲ್ಲದೆ ಯಾರು ಬೇಕಾದರೂ ಬಳಸಬಹುದು. ಆದರೂ ನಮ್ಮ ಊರುಗಳ ಗೋಡೆಯ ಮೇಲೆ ಊದಿಸಿದ ಅಕ್ಷರವೇ ಹೆಚ್ಚಾಗಿ ಕಾಣುತ್ತದೆ.

2024ರಲ್ಲಿ ನಮ್ಮ ಶಾಸನಸಭೆ ಕಾನೂನಿಗೆ ತಿದ್ದುಪಡಿ ತಂದು, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಕಾನೂನು ಜಾಗವನ್ನು ಅಳೆದೀತು, ಅಕ್ಷರವನ್ನು ಅಳೆಯಲಾರದು. ಫಲಕದ ತುಂಬ ಕನ್ನಡವಿದ್ದೂ 'ಧನ' 'ದನ'ವಾಗಿ, 'ಫಲ' 'ಪಲ'ವಾಗಿ ನಿಂತರೆ ಗೆದ್ದ ಜಾಗದಿಂದ ಬಂದ ಲಾಭವೇನು? ಮಕ್ಕಳು ಇಂದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಬೀದಿಯಲ್ಲಿ ಓದುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ನಾಲಗೆಯಿಂದ ಜಾರುತ್ತಿದೆ ಎಂದು ನಾವು ಮೇಷ್ಟರನ್ನು ದೂರುತ್ತೇವೆ. ಅದು ಮೊದಲು ಕಣ್ಣಿನಿಂದ ಜಾರಿತೋ ಏನೋ, ಯಾರೂ ಗೋಡೆಯನ್ನು ವಿಚಾರಿಸುವುದಿಲ್ಲ.

ಸಂಜೆ ಬಸ್ಸಿಗೆ ಮತ್ತೆ ಅದೇ ಗೋಡೆಯ ಬಳಿ ಬಂದೆ. ಅಷ್ಟರಲ್ಲಿ ಒಂದು ಮಳೆ ಬಿದ್ದಿತ್ತು. ಭಿತ್ತಿಪತ್ರದ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಅನ್ನುತ್ತಿತ್ತು. ಯಾರೋ ಪುಣ್ಯಾತ್ಮರು ಸುಣ್ಣದ ಕಡ್ಡಿಯಿಂದ ಆ ಕೆಂಪು ಅಕ್ಷರದ ಹೊಟ್ಟೆಯಲ್ಲಿ ಒಂದು ಬೊಟ್ಟು ಇಟ್ಟು, ಕೆಳಗೆ ಒಂದು ಗೀರು ಎಳೆದಿದ್ದರು. ಕಾಫಿ ಅಂಗಡಿಯ ಬೆಂಚಿನ ಕಡೆ ನೋಡಿದೆ. ಖಾಲಿಯಾಗಿತ್ತು.